ಕಲಾಯಿ ಯಾವಾಗ ಹಾಕಿಸಬೇಕು?

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಕ್ಷಮೆ ಇರಲಿ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಇದ್ದ ಒಂದೇ ವಿಷಯ ಬರೆಯೋಕೆ ಮನಸ್ಸು ಬರ್ತಿರಲಿಲ್ಲ, ಯಾಕಂದ್ರೆ ಅದರಲ್ಲಿ ನನ್ನ ತಪ್ಪೂ ಇತ್ತು. ಈಗ ಸ್ವಲ್ಪ ತಣ್ಣಗಾಗಿದೆ, ಬರೀತೀನಿ.

ನಮ್ಮ ಭಾವ ಮದುವೆ ಅಡುಗೆ ಕಂಟ್ರಾಕ್ಟು ಮಾಡ್ತಾರೆ. ಕೆ.ಆರ್. ನಗರ ತಾಲ್ಲೂಕಿನ ನಮ್ಮ ಹೊಸ ಅಗ್ರಹಾರದ ಕಡೆ ನಾಮಕರಣ, ಗೃಹಪ್ರವೇಶ, ತಿಥಿ ಅಂತ ನೂರು ಇನ್ನೂರು ಜನದ ಅಡುಗೆಯಿಂದ ಶುರು ಮಾಡಿದವರು. ಆಮೇಲೆ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದಲೂ ಕರೆ ಬರೋಕೆ ಶುರುವಾಯ್ತು. 2019ರ ಜನವರಿಯಲ್ಲಿ ಒಂದು ದಿನ ಫೋನ್ ಮಾಡಿ, "ಏನಪ್ಪಾ, ನೀನು ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಲೈಸೆನ್ಸ್ ಜತೆಗೆ ಇಟ್ಕೊಳ್ಳೋಕೆ ಅದೇನೋ ಫುಡ್ ಸೇಫ್ಟಿ ಪ್ಲ್ಯಾನು ಬೇಕಂತೆ, ಒಂದು ಬರೆದುಕೊಡು" ಅಂದ್ರು. ಬರೆದುಕೊಟ್ಟೆ. ಹನ್ನೊಂದು ಪುಟ. ಸ್ಪೈರಲ್ ಬೈಂಡಿಂಗ್ ಬೇರೆ ಮಾಡಿಸಿದ್ದೆ. ಭಾವ ಅದನ್ನ ದೇವರ ಪಟದ ಪಕ್ಕದ ಶೆಲ್ಫಲ್ಲಿ ಇಟ್ಟರು. ಅಲ್ಲೇ ಇತ್ತು, ಹೋದ ಬೇಸಿಗೆಯ ತನಕ.

ಹೋದ ಬೇಸಿಗೆಯಲ್ಲಿ ಪಿರಿಯಾಪಟ್ಟಣದ ಕಡೆ ಒಂದು ಮದುವೆ. ಸಾವಿರದ ಇನ್ನೂರು ಎಲೆ. ಛತ್ರದ ಅಡುಗೆಮನೆ ಚಿಕ್ಕದು, ನೀರಿಗೂ ತೊಂದರೆ ಅಂತ ಭಾವ ತಮ್ಮ ಶೆಡ್ಡಿನಲ್ಲೇ ಅಡುಗೆ ಮಾಡಿಸಿ ಟಾಟಾ ಏಸ್‌ನಲ್ಲಿ ತಗೊಂಡು ಹೋದ್ರು. ಮೊಸರನ್ನಕ್ಕೆ ಅಂತ ಬೆಳಗಿನ ಜಾವ ನಾಲ್ಕಕ್ಕೆ ಅನ್ನ ಬಸಿದು, ಬಿಸಿಯಾಗಿದ್ದಾಗಲೇ ದೊಡ್ಡ ಸ್ಟೀಲ್ ಡ್ರಮ್ಮುಗಳಿಗೆ ತುಂಬಿ ಮುಚ್ಚಳ ಹಾಕಿದ್ದು. ಮೊಸರು ಕಲಸಿದ್ದು ಹನ್ನೆರಡಕ್ಕೆ. ಕೊನೇ ಪಂಕ್ತಿ ಎದ್ದಾಗ ಮೂರೂವರೆ. ಸಂಜೆ ಹೊತ್ತಿಗೆ ವಾಂತಿ ಶುರುವಾಯ್ತು ಅಂತ ಒಂದೊಂದೇ ಫೋನು. ಮೂವತ್ತು ಮೂವತ್ತೈದು ಜನ. ಹೆಚ್ಚಿನವರು ರಾತ್ರಿಯೊಳಗೆ ಸುಧಾರಿಸಿಕೊಂಡ್ರು. ಒಂದು ಮಗುವಿಗೆ, ಮದುವೆ ಹೆಣ್ಣಿನ ಅಕ್ಕನ ಮಗು, ನಾಲ್ಕು ವರ್ಷದ್ದು, ರಾತ್ರಿಯಿಡೀ ಡ್ರಿಪ್ ಹಾಕಬೇಕಾಯ್ತು. ಭಾವ ಆಸ್ಪತ್ರೆ ಬೆಂಚಿನ ಮೇಲೆ ಬೆಳಗಿನ ತನಕ ಕೂತಿದ್ರು. ಮಗು ಹುಷಾರಾಯ್ತು ಅನ್ನೋದೇ ದೊಡ್ಡ ಪುಣ್ಯ.

ಎರಡು ದಿನ ಬಿಟ್ಟು ಊರಿಗೆ ಹೋದೆ. ಭಾವ ಶೆಲ್ಫಿಂದ ಆ ಸ್ಪೈರಲ್ ಬೈಂಡಿಂಗ್ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟು, "ಇದರಲ್ಲಿ ಬರೆದಿದ್ದನ್ನ ಯಾವುದನ್ನೂ ನಾನು ತಪ್ಪಿಸಿಲ್ಲ ನೋಡು" ಅಂದ್ರು. ನೋಡಿದೆ. ನಿಜ, ತಪ್ಪಿಸಿರಲಿಲ್ಲ. "ಅಡುಗೆ ಮುಗಿದ ಒಂದು ಗಂಟೆಯೊಳಗೆ ಬಡಿಸಲು ಆರಂಭಿಸುವುದು" ಅಂತ ಒಂದು ಸಾಲು ಇತ್ತು. ಭಾವನ ಲೆಕ್ಕದಲ್ಲಿ ಅಡುಗೆ ಮುಗಿಯೋದು ಅಂದ್ರೆ ಮೊಸರು ಕಲಸಿ ಒಗ್ಗರಣೆ ಹಾಕಿದಾಗ. 2019ರಲ್ಲಿ ಛತ್ರದಲ್ಲೇ ಅನ್ನ ಬೇಯಿಸಿ ಛತ್ರದಲ್ಲೇ ಕಲಸಿ ಬಡಿಸ್ತಿದ್ದಾಗ ಆ ಸಾಲು ಸರಿಯಾಗಿಯೇ ಇತ್ತು. ಅದರಲ್ಲಿ ಡ್ರಮ್ಮೂ ಇರಲಿಲ್ಲ, ಟಾಟಾ ಏಸೂ ಇರಲಿಲ್ಲ, ಎಂಟು ಗಂಟೆ ಮುಚ್ಚಿಟ್ಟ ಅನ್ನವೂ ಇರಲಿಲ್ಲ. ಅಡುಗೆ ಬದಲಾಗಿತ್ತು, ನನ್ನ ಹನ್ನೊಂದು ಪುಟ ಬದಲಾಗಿರಲಿಲ್ಲ.

ಅನ್ನವೇ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲ. ಪರೀಕ್ಷೆಗೆ ಕಳಿಸೋಕೆ ಒಂದು ಹಿಡಿ ಅನ್ನವನ್ನೂ ಯಾರೂ ಎತ್ತಿಟ್ಟಿರಲಿಲ್ಲ (ಅದೂ ನನ್ನ ಪ್ಲ್ಯಾನಿನಲ್ಲಿ ಇರಲಿಲ್ಲ!). ಆದರೆ ಓದಿದ್ದನ್ನೆಲ್ಲ ಜೋಡಿಸಿ ನೋಡಿದ್ರೆ ಬೆರಳು ಅತ್ತಲೇ ತೋರಿಸುತ್ತೆ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿ ಇರುತ್ತೆ, ಹಾಗಾಗಿ ಅಕ್ಕಿಯಲ್ಲೂ ಇರುತ್ತೆ. ನಮ್ಮ ತಾಲ್ಲೂಕನ್ನ ಭತ್ತದ ಕಣಜ ಅಂತಾರೆ, ಆದರೂ ಈ ಹೆಸರು ನಾನು ಕೇಳಿದ್ದು ಈಗಲೇ. ಅನ್ನ ಕುದಿಯುವಾಗ ಬ್ಯಾಕ್ಟೀರಿಯಾ ಸಾಯುತ್ತೆ, ಅದರ ಬೀಜಾಣು ಸಾಯಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಆ ಬೀಜಾಣು ಮೊಳೆತು, ಬೆಳೆದು, ಒಂದು ವಿಷ ಬಿಡುತ್ತೆ. ಆ ವಿಷವನ್ನ ಮತ್ತೆ ಕುದಿಸಿದರೂ ಅದು ಹೋಗಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. ವಾಸನೆ ಇಲ್ಲ, ರುಚಿ ಕೆಟ್ಟಿರಲ್ಲ. ಹಾಗಾಗಿ "ರುಚಿ ನೋಡೇ ಕಳಿಸಿದ್ದು" ಅನ್ನೋ ಮಾತು ಇಲ್ಲಿ ಉಪಯೋಗಕ್ಕೆ ಬರಲ್ಲ.

ಇನ್ನು ನಾನು ಬರೆಯಬೇಕು ಅಂದ್ಕೊಂಡಿದ್ದ ವಿಷಯ. ಊಟ ಮಾರೋ ಅಡುಗೆಮನೆಗೆ, ಹೋಟೆಲ್ ಇರಲಿ, ಮೆಸ್ ಇರಲಿ, ಮದುವೆ ಅಡುಗೆ ಇರಲಿ, ಒಂದು ಸುರಕ್ಷತೆಯ ಪ್ಲ್ಯಾನ್ ಬೇಕು ಅನ್ನೋದನ್ನ ಈಗ ಎಲ್ಲರೂ ಒಪ್ಪುತ್ತಾರೆ. 2006ರ ಆಹಾರ ಸುರಕ್ಷತೆ ಕಾಯ್ದೆ ಇದೆ, ಲೈಸೆನ್ಸ್ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ, ಅದರ 4ನೇ ಶೆಡ್ಯೂಲಿನಲ್ಲಿ ಶುಚಿತ್ವದ ಪಟ್ಟಿಯೇ ಇದೆ. ಆದರೆ ಬರೆದ ಪ್ಲ್ಯಾನನ್ನ ಯಾವಾಗ ಬದಲಾಯಿಸಬೇಕು ಅಂತ ಕೇಳಿದ್ರೆ ಹೆಚ್ಚಿನವರ ಉತ್ತರ "ಲೈಸೆನ್ಸ್ ಕೆಲಸ ಬಂದಾಗ" ಅಥವಾ "ಆಫೀಸರ್ ಕೇಳಿದಾಗ". ನನ್ನ ಉತ್ತರವೂ ಅದೇ ಆಗಿತ್ತು. ಅದು ತಪ್ಪು ಅಂತ ಹೇಳೋಕೇ ಈ ಬರಹ.

ನಮ್ಮಜ್ಜಿಯನ್ನ ನೆನಪಿಸಿಕೊಳ್ತೀನಿ. ಮನೆಯಲ್ಲಿ ಹಿತ್ತಾಳೆ ಪಾತ್ರೆಗಳೇ ಜಾಸ್ತಿ. ಕಲಾಯಿಯವರು ತಿದಿ, ತವರ, ನವಸಾಗರ ಹಿಡ್ಕೊಂಡು ಊರಿಗೆ ಬರ್ತಿದ್ರು. ಬಂದ್ರು ಅಂತ ಅಜ್ಜಿ ಎಲ್ಲ ಪಾತ್ರೆಯನ್ನೂ ಕೊಡ್ತಿರಲಿಲ್ಲ, ವರ್ಷ ಆಯ್ತು ಅಂತಲೂ ಕೊಡ್ತಿರಲಿಲ್ಲ. ಪ್ರತಿ ಸಲ ಪಾತ್ರೆ ತೊಳೆದಾಗ ಒಳಗೆ ಒಂದು ಸಲ ಕಣ್ಣು ಹಾಯಿಸ್ತಿದ್ಳು. ಬೆಳ್ಳಗಿನ ಕಲಾಯಿ ಸವೆದು ತಳದಲ್ಲಿ ಹಿತ್ತಾಳೆ ಬಣ್ಣ ಇಣುಕಿತೋ, ಅವತ್ತಿಂದ ಆ ಪಾತ್ರೆಯಲ್ಲಿ ಹುಳಿ ಬೇಯಿಸೋದು ಬಂದ್. ಹುಣಸೆಹುಳಿ ಹಿತ್ತಾಳೆಗೆ ತಗುಲಿದ್ರೆ ಕಿಲುಬು ಬಿಡುತ್ತೆ ಅಂತ ಅವಳಿಗೆ ಗೊತ್ತಿತ್ತು. ಕಲಾಯಿಯವರು ಬರೋ ತನಕ ಅದರಲ್ಲಿ ನೀರು ಕಾಯಿಸ್ತಿದ್ಳು. ಕಲಾಯಿ ಯಾವಾಗ ಹಾಕಿಸಬೇಕು ಅನ್ನೋದನ್ನ ಪಾತ್ರೆ ಹೇಳ್ತಿತ್ತು, ಪಂಚಾಂಗ ಅಲ್ಲ. ಅದನ್ನ ಮೊದಲು ನೋಡ್ತಿದ್ದವಳು ಪಾತ್ರೆ ತೊಳೆಯುವವಳು, ಮನೆ ಯಜಮಾನ ಅಲ್ಲ.

ಪ್ಲ್ಯಾನಿನ ವಿಷಯವೂ ಅಷ್ಟೇ ಅಂತ ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ಏನಾದ್ರೂ ಬದಲಾದ ದಿನವೇ ಪ್ಲ್ಯಾನ್ ಬದಲಾಯಿಸುವ ದಿನ. ಇನ್ನೂ ಸರಿಯಾಗಿ ಹೇಳಬೇಕಂದ್ರೆ ಅದರ ಹಿಂದಿನ ದಿನ. ಇದು ನಾನು ಕಂಡುಹಿಡಿದಿದ್ದಲ್ಲ. ಹ್ಯಾಸಪ್ ಅನ್ನೋ ಪದ್ಧತಿ 1960ರ ದಶಕದಲ್ಲಿ ಅಮೆರಿಕದಲ್ಲಿ ಗಗನಯಾತ್ರಿಗಳ ಊಟಕ್ಕೋಸ್ಕರ ಹುಟ್ಟಿದ್ದು. ನಾಸಾ, ಅಲ್ಲಿನ ಸೇನೆಯ ಪ್ರಯೋಗಾಲಯ, ಪಿಲ್ಸ್‌ಬರಿ ಅನ್ನೋ ಹಿಟ್ಟಿನ ಕಂಪನಿ ಸೇರಿ ಮಾಡಿದ್ದು. ಮಾಡಿ ಮುಗಿಸಿದ ಊಟವನ್ನ ಕೊನೆಯಲ್ಲಿ ಪರೀಕ್ಷೆ ಮಾಡೋ ಬದಲು, ಎಲ್ಲೆಲ್ಲಿ ಕೆಡಬಹುದು ಅಂತ ಮೊದಲೇ ಗುರುತಿಸಿ ಅಲ್ಲಲ್ಲೇ ಕಾವಲು ಹಾಕೋದು. ಇವತ್ತು ಪ್ರಪಂಚದ ಹೆಚ್ಚಿನ ಆಹಾರ ನಿಯಮಗಳ ತಳಪಾಯ ಅದೇ. ಅಮೆರಿಕದ ಆಹಾರ ಕಾರ್ಖಾನೆಗಳ 2015ರ ನಿಯಮ ಕನಿಷ್ಠ ಮೂರು ವರ್ಷಕ್ಕೊಮ್ಮೆ ಪ್ಲ್ಯಾನ್ ಮತ್ತೆ ನೋಡಿ ಅನ್ನುತ್ತೆ. ಅದರ ಜತೆಗೇ, ಕೆಲಸದಲ್ಲಿ ದೊಡ್ಡ ಬದಲಾವಣೆ ಆದಾಗ, ಹೊಸ ಅಪಾಯ ಗೊತ್ತಾದಾಗ, ಪ್ಲ್ಯಾನ್ ಇದ್ದೂ ಕೆಟ್ಟಿದ್ದು ಕಂಡಾಗ, ಮೂರು ವರ್ಷ ಕಾಯಬೇಡಿ ಅಂತಲೂ ಹೇಳುತ್ತೆ. ನಾವು ಮೊದಲನೇ ಅರ್ಧ ಮಾತ್ರ ಕೇಳಿಸಿಕೊಂಡವರು.

ಹಾಗಾದ್ರೆ ಯಾವ ಬದಲಾವಣೆ? ಅಂಗಡಿಯಲ್ಲಿ ಬೇರೆ ಕೊತ್ತಂಬರಿ ಕಟ್ಟು ತಂದ್ರೂ ಪುಸ್ತಕ ತೆಗೀಬೇಕಾ? ಬೇಡ. ಭಾವನ ಜತೆ ಕೂತು ನಾವು ಮಾಡಿಕೊಂಡ ಪಟ್ಟಿ ಹೀಗಿದೆ.

1. ಜನದ ಲೆಕ್ಕ. ಇನ್ನೂರು ಜನದ ಅಡುಗೆಯನ್ನ ಆರರಿಂದ ಗುಣಿಸಿದ್ರೆ ಸಾವಿರದ ಇನ್ನೂರು ಜನದ ಅಡುಗೆ ಆಗಲ್ಲ. ಒಂದು ಕೊಳಗದ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾದ್ರೆ ಒಳಗೆ ಹಿಡಿಯೋದು ಎಂಟರಷ್ಟು, ಬಿಸಿ ಹೊರಗೆ ಹೋಗೋಕೆ ಇರೋ ಮೈ ಮಾತ್ರ ನಾಲ್ಕರಷ್ಟು. ಅಂದ್ರೆ ದೊಡ್ಡ ಪಾತ್ರೆ ಆರೋದು ತುಂಬಾ ನಿಧಾನ. ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ನಡುವೆ ಇರೋದೇ ಅಪಾಯದ ಜಾಗ. ಮಟನ್ ಸಾರು, ಅನ್ನ, ಸಾಂಬಾರು, ದೊಡ್ಡ ಪಾತ್ರೆಯಲ್ಲಿ ಇವೆಲ್ಲ ಗಂಟೆಗಟ್ಟಲೆ ಆ ನಡುವಿನಲ್ಲೇ ಕೂತಿರುತ್ತೆ.

2. ಜಾಗ, ದಾರಿ, ಸಮಯ. ಬೇಯಿಸೋ ಜಾಗಕ್ಕೂ ಬಡಿಸೋ ಜಾಗಕ್ಕೂ ನಡುವೆ ಒಂದು ಗಾಡಿ ಬಂತು ಅಂದ್ರೆ ಅದು ಹೊಸ ಅಡುಗೆ. ನಾವು ಎಡವಿದ್ದು ಇಲ್ಲೇ.

3. ಹೊಸ ಐಟಂ. ಇದಕ್ಕೆ ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದ ಅಡುಗೆಮನೆಗಿಂತ ಒಳ್ಳೇ ಉದಾಹರಣೆ ಇಲ್ಲ. ಅನ್ನ ಸಾಂಬಾರು ಮಾಡ್ತಿದ್ದ ಅಡುಗೆಮನೆಗೆ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲಿನ ಪುಡಿ ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಶುರುವಾಗಿ, 2022ರಲ್ಲಿ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ರಾಗಿ ಮಾಲ್ಟ್ ಬಂತು, ಅದೇ ವರ್ಷ ಮೊಟ್ಟೆ ವಾರಕ್ಕೆ ಆರು ದಿನ ಆಯ್ತು. ಮಕ್ಕಳಿಗೆ ಒಳ್ಳೇದೇ ಆಯ್ತು, ಎರಡು ಮಾತಿಲ್ಲ. ಆದರೆ ಪ್ರತಿ ಸಲವೂ ಅಡುಗೆ ಮಾಡೋ ಅಮ್ಮಂದಿರ ಕೆಲಸ ಬದಲಾಯ್ತು. ಪುಡಿ ಕಲಸೋ ನೀರು ಯಾವುದು, ಕಲಸಿದ ಹಾಲು ಎಷ್ಟು ಹೊತ್ತು ಇಡಬಹುದು, ಒಡೆದ ಮೊಟ್ಟೆ ಏನು ಮಾಡೋದು, ಹಸಿ ಮೊಟ್ಟೆ ಮುಟ್ಟಿದ ಕೈಯಲ್ಲಿ ಸೌತೆಕಾಯಿ ಹೆಚ್ಚಬಹುದಾ... ತಲೆಗೆ ಎಷ್ಟು ಗ್ರಾಂ ಅಂತ ಸುತ್ತೋಲೆ ಹೇಳುತ್ತೆ. ಇಂಥಾ ಸಣ್ಣ ಸಂಗತಿಯನ್ನ ಆಯಾ ಅಡುಗೆಮನೆಯೇ ಬರ್ಕೋಬೇಕು, ಯಾಕಂದ್ರೆ ಅಲ್ಲಿ ನಲ್ಲಿ ಎಲ್ಲಿದೆ, ಸಿಂಕು ಒಂದೋ ಎರಡೋ ಅನ್ನೋದು ಬೆಂಗಳೂರಿಗೆ ಗೊತ್ತಿರಲ್ಲ.

4. ಸಾಮಾನು ಎಲ್ಲಿಂದ ಬರುತ್ತೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಅನ್ನೋ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ ಇತ್ತು. ಎಣ್ಣೆ ಸರಿಯಿಲ್ಲ ಅಂತ ಅಡುಗೆಯಾಕೆ ಮೊದಲೇ ಹೇಳಿದ್ದಳು, ಅವಳ ಮಾತನ್ನ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮುಖ್ಯ ಶಿಕ್ಷಕಿಗೆ 2016ರಲ್ಲಿ ಶಿಕ್ಷೆಯೂ ಆಯ್ತು. ಈ ಸುದ್ದಿಯ ಆ ಒಂದು ಸಾಲನ್ನ ನಾನು ಮರೆತಿಲ್ಲ. ಮತ್ತೆ ಇದಕ್ಕೆ ಬರ್ತೀನಿ.

5. ಪಾತ್ರೆ, ಯಂತ್ರ, ನೀರು. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಬಂದ ದಿನ, ಹೊಸ ಸ್ಟೀಮ್ ಬಾಯ್ಲರ್ ಬಂದ ದಿನ, ಫ್ರಿಜ್ ಕೆಟ್ಟ ದಿನ. ಮಳೆಗಾಲದ ಮೊದಲ ನೀರೂ ಇದರಲ್ಲೇ ಸೇರಿದ್ದು.

6. ಕೈ ಬದಲಾದಾಗ. ಮೊದಲು ನಮ್ಮೂರ ಸುತ್ತಿನವರೇ ಬಡಿಸೋಕೆ, ತೊಳೆಯೋಕೆ ಬರ್ತಿದ್ರು. ಈಗ ಭಾವನ ಹತ್ರ ಅಸ್ಸಾಮಿನ ಹುಡುಗರು ನಾಲ್ಕು ಜನ ಇದ್ದಾರೆ. ಒಳ್ಳೇ ಕೆಲಸಗಾರರು. ನನ್ನ ಹನ್ನೊಂದು ಪುಟ ಇಂಗ್ಲಿಷಿನಲ್ಲಿತ್ತು. ಅವರಿಗೂ ಬರಲ್ಲ, ಅನ್ನ ಬಸಿಯೋ ಅಮ್ಮನಿಗೂ ಬರಲ್ಲ, ನಿಜ ಹೇಳಬೇಕಂದ್ರೆ ಭಾವನಿಗೂ ಬರಲ್ಲ! ಬರೆದ ನನಗೆ ಅಡುಗೆ ಬರಲ್ಲ. ಇಂಥಾ ಪ್ಲ್ಯಾನು ಯಾರಿಗೋಸ್ಕರ ಅಂತ ಈಗ ಕೇಳಿಕೊಳ್ತೀನಿ.

7. ಕಾನೂನು ಬದಲಾದಾಗ. 2018ರ ಜುಲೈಯಿಂದ ಕರಿದ ಎಣ್ಣೆಗೆ ಮಿತಿ ಬಂತು: ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟೋ ಪೋಲಾರ್ ಅಂಶ ಶೇ. 25 ದಾಟಬಾರದು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ. 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸ್ತಿದ್ದದ್ದು ಸುದ್ದಿಯಾಯ್ತು. ಇಲಾಖೆಯವರು ರಾಜ್ಯದಲ್ಲಿ 250ರಷ್ಟು ಕಡೆ ನೋಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಪ್ಲಾಸ್ಟಿಕ್ ಸಿಕ್ಕಿತ್ತು. ಯೋಚಿಸಿ, ಬಟ್ಟೆ ಬಿಟ್ಟು ಪ್ಲಾಸ್ಟಿಕ್ ಹಾಕಿದ ದಿನ ಅಡುಗೆಯವರಿಗೆ ಅದೊಂದು ಬದಲಾವಣೆ ಅಂತಲೇ ಅನ್ನಿಸಿರಲಿಲ್ಲ. ಬಟ್ಟೆ ಒಗೆಯೋ ಕೆಲಸ ತಪ್ಪಿತು ಅಷ್ಟೇ.

8. ಏನಾದ್ರೂ ಆದಾಗ. ನಮ್ಮಲ್ಲಾಗಲಿ, ಬೇರೆ ಕಡೆಯಾಗಲಿ. ಸಣ್ಣದಿರಲಿ, ದೊಡ್ಡದಿರಲಿ. ಸಾರು ಹಳಸಿ ಚೆಲ್ಲಿದ್ದೂ ಒಂದು ಸುದ್ದಿಯೇ.

ಈ ಎಂಟನೆಯದ್ದರ ಬಗ್ಗೆ ಒಂದು ಮಾತು. ನಾನು ಆ ಪ್ಲ್ಯಾನ್ ಬರೆದದ್ದು 2019ರ ಜನವರಿಯಲ್ಲಿ ಅಂದೆನಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ, 2018ರ ಡಿಸೆಂಬರ್ 14ರಂದು, ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ತಿಂದು 17 ಜನ ಸತ್ತಿದ್ರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, ಅವರಲ್ಲಿ ತುಂಬಾ ಜನರನ್ನ ಮೈಸೂರಿಗೇ ತಂದಿದ್ದು. ಪ್ರಸಾದಕ್ಕೆ ಕೀಟನಾಶಕ ಬೇಕಂತಲೇ ಬೆರೆಸಿದ್ದು ಅಂತ ಪೊಲೀಸರು ಕೇಸು ಹಾಕಿದ್ರು. ಅದಾದ ಮೇಲೆ ಮುಜರಾಯಿ ಇಲಾಖೆ ಪ್ರಸಾದ ಮಾಡೋದಕ್ಕೆ, ಹಂಚೋದಕ್ಕೆ ನಿಯಮ ಬಿಗಿ ಮಾಡಿತು. ಆ ಭಯದಲ್ಲೇ ಬರೆದ ನನ್ನ ಹನ್ನೊಂದು ಪುಟದಲ್ಲಿ ಐದು ಪುಟ ಬರೀ ಬೀಗ, ಬಾಗಿಲು, ಹೊರಗಿನವರು ಒಳಗೆ ಬರಬಾರದು, ಕೀಟನಾಶಕ ಅಡುಗೆಮನೆಯ ಹತ್ರ ಇಡಬಾರದು, ಇದೇ. ತಪ್ಪೇನಿಲ್ಲ, ಅದೂ ಬೇಕು. ಆದರೆ ಯಾವ ವರ್ಷ ಬರೀತೀವೋ ಆ ವರ್ಷದ ಭಯವೇ ಪ್ಲ್ಯಾನಿನಲ್ಲಿ ತುಂಬಿರುತ್ತೆ. ಬಾಗಿಲಿಗೆ ಬೀಗ ಹಾಕಿ ನಾನು ನಿಶ್ಚಿಂತೆಯಾಗಿದ್ದೆ. ಅಪಾಯ ಬಂದಿದ್ದು ಬಾಗಿಲಿಂದ ಅಲ್ಲ, ಒಳಗಿದ್ದ ಅನ್ನದ ಡ್ರಮ್ಮಿಂದ.

ಈಗ ಭಾವನ ಆಕ್ಷೇಪಣೆ. ಅವರು ಸುಮ್ಮನೆ ಒಪ್ಪೋ ಪೈಕಿ ಅಲ್ಲ.

"ಹಿಂಗೆ ದಿನಾ ಪುಸ್ತಕ ತಿದ್ದುತ್ತಾ ಕೂತ್ರೆ ಒಲೆ ಯಾವಾಗ ಹಚ್ಚೋದು? ನಿಮ್ಮಜ್ಜಿ ಕಾಲದಲ್ಲಿ ಯಾವ ಪ್ಲ್ಯಾನ್ ಇತ್ತು? ಊರಿಗೆಲ್ಲ ಊಟ ಹಾಕಿಲ್ವಾ?"

ನ್ಯಾಯವಾದ ಪ್ರಶ್ನೆ. ಅಜ್ಜಿ ಕಾಲದಲ್ಲಿ ಪ್ಲ್ಯಾನ್ ಇತ್ತು, ಬರೆದಿರಲಿಲ್ಲ ಅಷ್ಟೇ. ಬೇಯಿಸಿದ್ದು ಅಲ್ಲೇ ಅಂಗಳದಲ್ಲಿ ಬಡಿಸ್ತಿದ್ರು, ಮಿಕ್ಕಿದ್ದು ಮಾರನೇ ದಿನಕ್ಕೆ ಇಡ್ತಿರಲಿಲ್ಲ, ಅನ್ನ ಚಾಪೆ ಮೇಲೆ ಬಿಳೀ ಪಂಚೆ ಹಾಸಿ ಹರಡ್ತಿದ್ರು. ಅನ್ನ ಬೇಗ ಆರೋಕೆ ಅದಕ್ಕಿಂತ ಒಳ್ಳೇ ದಾರಿ ಇವತ್ತಿಗೂ ಕಡಿಮೆ. ಆ ಪಂಚೆ ಎಷ್ಟು ಶುಚಿ ಅನ್ನೋದು ಬೇರೆ ಮಾತು. ಅವತ್ತು ಅಡುಗೆ ಹತ್ತಿಪ್ಪತ್ತು ವರ್ಷ ಒಂದೇ ಥರ ಇರ್ತಿತ್ತು, ಹಾಗಾಗಿ ನಿಯಮ ಕೈಯಲ್ಲೇ ಉಳೀತಿತ್ತು. ಈಗ ಒಂದು ಸೀಸನ್ನಿಂದ ಇನ್ನೊಂದು ಸೀಸನ್ನಿಗೆ ಎಲ್ಲ ಬದಲು. ನೆನಪು ಅಷ್ಟು ಬೇಗ ತಿದ್ದಿಕೊಳ್ಳಲ್ಲ, ಬರಹ ತಿದ್ದಿಕೊಳ್ಳುತ್ತೆ.

ದಿನಾ ತಿದ್ದೋ ಮಾತಿಗೆ ಉತ್ತರ ಇನ್ನೂ ಸುಲಭ. ಬದಲಾವಣೆ ಬಂದಾಗ ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಇದರಿಂದ ಶಾಖ ಬದಲಾಗುತ್ತಾ? ಸಮಯ ಬದಲಾಗುತ್ತಾ? ಮುಟ್ಟೋ ಕೈ ಬದಲಾಗುತ್ತಾ? ನೀರು ಬದಲಾಗುತ್ತಾ? ನಾಲ್ಕಕ್ಕೂ ಇಲ್ಲ ಅಂದ್ರೆ ಬಿಡಿ, ಒಲೆ ಹಚ್ಚಿ. ಒಂದಕ್ಕೆ ಹೌದು ಅಂದ್ರೆ ಒಂದು ಸಾಲು ಬರೀರಿ: ಏನು ಬದಲಾಯ್ತು, ಅದಕ್ಕೆ ಏನು ಮಾಡ್ತೀವಿ, ತಾರೀಖು, ಸಹಿ. ಇಡೀ ಪುಸ್ತಕ ತಿದ್ದಬೇಕಿಲ್ಲ. ಏನು ಮಾಡಬೇಕು ಅಂತ ಗೊತ್ತಾಗದಿದ್ರೆ, ಗೊತ್ತಾಗೋ ತನಕ ಆ ಐಟಂ ಬೇಡ. ಕಲಾಯಿ ಹೋದ ಪಾತ್ರೆಯಲ್ಲಿ ನೀರು ಕಾಯಿಸ್ತಿದ್ರಲ್ಲ, ಹಾಗೆ. ವರ್ಷಕ್ಕೊಂದು ಸಲ, ಮದುವೆ ಇಲ್ಲದ ಆಷಾಢದಲ್ಲಿ, ಕೂತು ಎಲ್ಲ ಸಾಲುಗಳನ್ನೂ ಒಟ್ಟಿಗೆ ಓದಿ ಹಳೇದನ್ನ ಹೊಡೆದುಹಾಕೋದು. ಅದು ಬದಲಾಯಿಸೋ ದಿನ ಅಲ್ಲ, ಬದಲಾಯಿಸೋದು ಏನಾದ್ರೂ ಬಿಟ್ಟುಹೋಗಿದೆಯಾ ಅಂತ ನೋಡೋ ದಿನ.

ಕೊನೆಯದಾಗಿ, ಬಿಹಾರದ ಆ ಅಡುಗೆಯಾಕೆಯ ಮಾತು. ನಾನು ಊರಿಗೆ ಹೋದ ದಿನ ಭಾವನ ಶೆಡ್ಡಿನಲ್ಲಿ ಅನ್ನ ಬಸಿಯೋ ಅಮ್ಮ ಸುಮ್ಮನೆ ಅಕ್ಕಿ ಆರಿಸ್ತಾ ಕೂತಿತ್ತು. ಹದಿನೈದು ವರ್ಷದಿಂದ ಭಾವನ ಜತೆ ಇರೋರು. "ಏನಮ್ಮಾ ಹಿಂಗಾಯ್ತಲ್ಲ" ಅಂದೆ. ತಲೆ ಎತ್ತದೆ ಹೇಳ್ತು: "ನಾನು ಅವತ್ತೇ ಅಂದ್ಕೊಂಡೆ ಕಣಪ್ಪ. ಡ್ರಮ್ಮಿನ ಮುಚ್ಚಳ ತೆಗೆದಾಗ ಅನ್ನ ಒಳಗೆ ಇನ್ನೂ ಬೆಚ್ಚಗಿತ್ತು, ಮುಚ್ಚಳದಿಂದ ನೀರು ತೊಟ್ಟಿಕ್ತಿತ್ತು. ಹಿಂಗೆ ಮುಚ್ಚಿಟ್ಟ ಅನ್ನ ಆಗಕಿಲ್ಲ ಅಂತ ನಂಗೊತ್ತು. ಯಾರ ಕೂಟೆ ಹೇಳಾನ? ಸಾವಿರ ಜನ ಕೂತವ್ರೆ, ಯಜಮಾನ್ರು ಓಡಾಡ್ತಾವ್ರೆ. ನಾನು ಹೇಳಿದ್ರೆ ಕೇಳೋರ್‍ಯಾರು?"

ಹನ್ನೊಂದು ಪುಟದಲ್ಲಿ ಇಲ್ಲದ್ದು ಆಯಮ್ಮನಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಬದಲಾವಣೆ ಮೊದಲು ಕಾಣೋದು ಸೌಟು ಹಿಡಿದವರಿಗೆ, ಪಾತ್ರೆ ತೊಳೆದವರಿಗೆ. ಯಜಮಾನನಿಗೆ ಆಮೇಲೆ, ಆಫೀಸರಿಗೆ ಅದರ ಆಮೇಲೆ, ನನ್ನಂಥ ಕಂಪ್ಯೂಟರ್‌ನವನಿಗೆ ಎಲ್ಲಾ ಮುಗಿದ ಮೇಲೆ. ಆದ್ದರಿಂದ "ಪ್ಲ್ಯಾನ್ ಯಾವಾಗ ಬದಲಾಯಿಸಬೇಕು" ಅನ್ನೋ ಪ್ರಶ್ನೆ ನಿಜವಾಗಿ "ಯಾರು ಹೇಳಿದ್ರೆ ಕೇಳಬೇಕು" ಅನ್ನೋ ಪ್ರಶ್ನೆ. ಆ ಅಮ್ಮ "ಬೇಡ" ಅಂದ್ರೆ ಡ್ರಮ್ಮು ಅಲ್ಲೇ ನಿಲ್ಲಬೇಕು. ಊಟ ಅರ್ಧ ಗಂಟೆ ತಡ ಆಗಲಿ, ಮೊಸರನ್ನ ಇಲ್ಲದೇ ಇರಲಿ, ಬೀಗರು ಮುಖ ಸಿಂಡರಿಸಲಿ. ಅಷ್ಟು ಅಧಿಕಾರ ಕೊಡದೆ ಎಷ್ಟು ಪುಟ ಬರೆದ್ರೂ ಅದು ಶೆಲ್ಫಿಗೆ ಅಲಂಕಾರ.

ಭಾವ ಈಗ ಏನು ಮಾಡಿದ್ದಾರೆ ಅಂತ ಹೇಳಿ ಮುಗಿಸ್ತೀನಿ. ಸ್ಪೈರಲ್ ಪುಸ್ತಕ ಶೆಲ್ಫಲ್ಲೇ ಇದೆ, ಆಫೀಸರಿಗೆ ತೋರಿಸೋಕೆ. ಶೆಡ್ಡಿನ ಗೋಡೆಗೆ ಒಂದು ಕರಿಹಲಗೆ ಬಂದಿದೆ. ಕನ್ನಡದಲ್ಲಿ ಬರೀತಾರೆ, ಅಸ್ಸಾಮಿನ ಹುಡುಗರಿಗೆ ಅಂತ ಪಕ್ಕದಲ್ಲಿ ಗಡಿಯಾರದ ಚಿತ್ರ, ಕೈ ತೊಳೆಯೋ ಚಿತ್ರ. ಮೊದಲ ಸಾಲು: "ಅನ್ನ ಬಡಿಸೋ ಜಾಗದಲ್ಲೇ ಬೇಯಿಸೋದು." ಅದಕ್ಕೆ ಒಂದು ಒಲೆ, ಎರಡು ಸಿಲಿಂಡರ್, ಎರಡು ಆಳಿನ ಖರ್ಚು ಜಾಸ್ತಿ. ಎಲೆಗೆ ಇಷ್ಟು ಅಂತ ರೇಟು ಸ್ವಲ್ಪ ಏರಿಸಬೇಕಾಯ್ತು, ಒಂದೆರಡು ಮದುವೆ ಕೈತಪ್ಪಿತು. ಎರಡನೇ ಸಾಲು: "ಪ್ರತಿ ಐಟಂನಲ್ಲೂ ಒಂದು ಡಬ್ಬಿ ಎತ್ತಿ ಐಸ್ ಪೆಟ್ಟಿಗೆಯಲ್ಲಿ ಇಡೋದು." ನೂರೈವತ್ತು ರೂಪಾಯಿಯ ಥರ್ಮಾಮೀಟರ್ ಅಲ್ಲ, ಸರಿಯಾದ, ಮೊನೆ ಚುಚ್ಚಿ ನೋಡೋ ಥರ್ಮಾಮೀಟರ್ ಒಂದು ನಾನು ಕೊಡಿಸಿದೆ. ಪ್ರಾಯಶ್ಚಿತ್ತ ಅಂತಾನೇ ಇಟ್ಕೊಳ್ಳಿ. ಅದನ್ನ ಅನ್ನ ಬಸಿಯೋ ಅಮ್ಮ ಸೆರಗಿನ ಗಂಟಿಗೆ ಕಟ್ಟಿಕೊಂಡು ಓಡಾಡುತ್ತೆ.

ಮೊನ್ನೆ ಊರಿಗೆ ಹೋದಾಗ ಹಲಗೆ ಮೇಲೆ ನನಗೆ ಗೊತ್ತಿಲ್ಲದ ಹೊಸ ಸಾಲೊಂದು ಇತ್ತು. "ಟ್ಯಾಂಕರ್ ನೀರು ಬಂದ್ರೆ ಕೋಸಂಬರಿ ಇಲ್ಲ." ಯಾರು ಬರೆಸಿದ್ದು ಅಂತ ಕೇಳಿದೆ. ಭಾವ ಒಳಗೆ ಕೈ ತೋರಿಸಿದ್ರು. ಅಮ್ಮ ಅಲ್ಲಿ ಬೇಳೆ ತೊಳೀತಾ ಕೂತಿತ್ತು.

ನಿಮ್ಮೂರ ಕಡೆ ಛತ್ರ, ಮೆಸ್ಸು, ಹಾಸ್ಟೆಲ್ಲು, ಶಾಲೆಯಲ್ಲಿ ಹೇಗಿದೆ? ನಿಮ್ಮ ಮನೆಯವರು ಯಾರಾದ್ರೂ ಈ ಕೆಲಸದಲ್ಲಿದ್ರೆ ಒಂದು ಸಲ ಕೇಳಿ ನೋಡಿ, ಪ್ಲ್ಯಾನ್ ಇದೆಯಾ ಅಂತ ಅಲ್ಲ, ಕೊನೇ ಸಲ ಅದಕ್ಕೆ ಒಂದು ಸಾಲು ಸೇರಿಸಿದ್ದು ಯಾವಾಗ ಅಂತ. ಉತ್ತರ ಕಾಮೆಂಟಿನಲ್ಲಿ ಹಾಕಿ, ಕಾಯ್ತಿರ್ತೀನಿ.